ಡೀಸೆಲ್ ವಾಹನಗಳಲ್ಲಿ ವಾಯುಪ್ರವಾಹ ಸಂವೇದಕದ ದೋಷಪತ್ತೆ

ವಾಯುಪ್ರವಾಹ ಸಂವೇದಕವು ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯ ದ್ರವ್ಯರಾಶಿಯನ್ನು ನಿರಂತರವಾಗಿ ಅಳೆದು, ಅದನ್ನು ವಿದ್ಯುತ್ ಸಂಕೇತವಾಗಿ ಎಂಜಿನ್ ನಿಯಂತ್ರಣ ಘಟಕಕ್ಕೆ ತಿಳಿಸುವ ಒಂದು ಸಣ್ಣ ಉಪಕರಣ. ಗ್ಯಾರೇಜುಗಳಲ್ಲಿ ಇದನ್ನು ಏರ್ ಫ್ಲೋ ಸೆನ್ಸರ್, ಮಾಫ್ ಸೆನ್ಸರ್ ಅಥವಾ ಬರಿದೇ ಏರ್ ಸೆನ್ಸರ್ ಎಂದು ಕರೆಯುತ್ತಾರೆ. ಏರ್ ಫಿಲ್ಟರಿನ ಪೆಟ್ಟಿಗೆಯ ಹೊರಬಾಯಿಗೂ ಟರ್ಬೊಚಾರ್ಜರಿಗೂ ನಡುವಿನ ಕೊಳವೆಯಲ್ಲಿ ಇದನ್ನು ಕೂರಿಸಿರುತ್ತಾರೆ. ಇದು ಕೆಟ್ಟಾಗ ವಾಹನದ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಕಪ್ಪು ಹೊಗೆ ಬರುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ. ಆದರೆ ಇದೇ ಲಕ್ಷಣಗಳು ಕಟ್ಟಿಕೊಂಡ ಫಿಲ್ಟರ್, ಸೀಳಿದ ಕೊಳವೆ, ಮಸಿ ಹಿಡಿದ ಕವಾಟ ಮುಂತಾದ ಬೇರೆ ಕಾರಣಗಳಿಂದಲೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಸಂವೇದಕವು ನಿಜವಾಗಿ ಕೆಟ್ಟಿದೆಯೇ, ಅಥವಾ ಇರುವ ತೊಂದರೆಯನ್ನು ಅದು ಸರಿಯಾಗಿಯೇ ವರದಿ ಮಾಡುತ್ತಿದೆಯೇ ಎಂಬುದನ್ನು ನಿರ್ಣಯಿಸುವುದೇ ದೋಷಪತ್ತೆಯ ಮುಖ್ಯ ಕೆಲಸ.

ಹಿನ್ನೆಲೆ

ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ಅಳೆಯುವ ಏರ್ಪಾಟೇ ಇರಲಿಲ್ಲ. ಯಾಂತ್ರಿಕ ಇಂಧನ ಪಂಪು ವೇಗವರ್ಧಕದ ಒತ್ತಡಕ್ಕೆ ಅನುಗುಣವಾಗಿ ಡೀಸೆಲನ್ನು ಚಿಮ್ಮಿಸುತ್ತಿತ್ತು. ಕರ್ನಾಟಕದಲ್ಲಿ ಈ ಪಂಪುಗಳಿಗೆ ‘ಮೈಕೋ ಪಂಪು’ ಎಂಬ ಹೆಸರೇ ನಿಂತುಬಿಟ್ಟಿದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಬೇರೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಸಂಕ್ಷಿಪ್ತ ರೂಪವದು. 2008ರಲ್ಲಿ ಆ ಸಂಸ್ಥೆ ಬಾಷ್ ಲಿಮಿಟೆಡ್ ಎಂಬ ಹೆಸರು ತಳೆಯಿತು. ಜರ್ಮನಿಯ ಬಾಷ್ ಸಂಸ್ಥೆಯೇ ಪೆಟ್ರೋಲ್ ಎಂಜಿನ್ನುಗಳಿಗಾಗಿ ಮೊದಲು ರೆಕ್ಕೆಯಂತೆ ಚಲಿಸುವ ಹಲಗೆಯ ಮಾಪಕವನ್ನು, 1980ರ ದಶಕದಲ್ಲಿ ಬಿಸಿ ತಂತಿಯ ಹಾಗೂ ಬಿಸಿ ಪದರದ ಮಾಪಕಗಳನ್ನು ಬಳಕೆಗೆ ತಂದಿತು. 1997ರಲ್ಲಿ ಕಾಮನ್ ರೈಲ್ ಇಂಧನ ವ್ಯವಸ್ಥೆ ಕಾರುಗಳಿಗೆ ಬಂದ ಮೇಲೆ ಡೀಸೆಲ್ ಎಂಜಿನ್ನಿನ ಪ್ರತಿಯೊಂದು ಚಿಮ್ಮುವಿಕೆಯೂ ವಿದ್ಯುನ್ಮಾನ ಘಟಕದ ಅಧೀನಕ್ಕೆ ಬಂತು.

ಭಾರತದಲ್ಲಿ ಭಾರತ್ ಸ್ಟೇಜ್-4 ಮಾನಕವು 2017ರ ಏಪ್ರಿಲ್ 1ರಿಂದ, ಭಾರತ್ ಸ್ಟೇಜ್-6 ಮಾನಕವು 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾದವು. ಹಳ್ಳಿಯಿಂದ ಹಳ್ಳಿಗೆ ಜನರನ್ನು ಒಯ್ಯುವ ಬೊಲೆರೊ, ಕ್ರೂಸರ್‌ಗಳಂಥ ವಾಹನಗಳಲ್ಲಿಯೂ ಈಗ ಸಂವೇದಕಗಳ ಜಾಲವಿದೆ. ಹೊಲದಲ್ಲಿ ದುಡಿಯುವ ಬಹುತೇಕ ಟ್ರ್ಯಾಕ್ಟರುಗಳ ಮಾತು ಬೇರೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ಮಾನಕ 2023ರ ಜನವರಿಯಿಂದ ಅನ್ವಯಿಸಿದೆ. ಅದಕ್ಕಿಂತ ಚಿಕ್ಕವುಗಳಲ್ಲಿ ಸಾಮಾನ್ಯವಾಗಿ ಯಾಂತ್ರಿಕ ಪಂಪೇ ಇರುವುದರಿಂದ ಈ ಲೇಖನದಲ್ಲಿ ಹೇಳಿರುವ ದೋಷವೇ ಅವುಗಳಲ್ಲಿ ಉದ್ಭವಿಸುವುದಿಲ್ಲ.

ರಚನೆ ಮತ್ತು ಕಾರ್ಯತತ್ವ

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಬಿಸಿ ಪದರದ ಸಂವೇದಕ. ಗಾಳಿಯ ದಾರಿಯಲ್ಲಿ ಚಾಚಿಕೊಂಡಿರುವ ಪ್ಲಾಸ್ಟಿಕ್ ತುಂಡಿನ ಒಳಗೆ, ಉಗುರಿಗಿಂತ ಚಿಕ್ಕದಾದ ಒಂದು ತೆಳು ಪದರವಿರುತ್ತದೆ. ಅದನ್ನು ವಿದ್ಯುತ್ತಿನಿಂದ ಕಾಯಿಸಿ, ಒಳಬರುವ ಗಾಳಿಗಿಂತ ನಿಗದಿತ ಪ್ರಮಾಣದಷ್ಟು ಹೆಚ್ಚು ಬಿಸಿಯಾಗಿ ಇರಿಸಲಾಗುತ್ತದೆ. ಬಿಸಿ ಹಾಲಿನ ಮೇಲೆ ಊದಿದರೆ ಅದು ಬೇಗ ಆರುವಂತೆ, ಗಾಳಿ ಹೆಚ್ಚು ಹರಿದಷ್ಟೂ ಪದರದ ಬಿಸಿ ಹೆಚ್ಚು ಕಳೆದುಹೋಗುತ್ತದೆ. ಆ ನಷ್ಟವನ್ನು ಅಳೆದರೆ ಹರಿದ ಗಾಳಿಯ ದ್ರವ್ಯರಾಶಿ ತಿಳಿಯುತ್ತದೆ. ಪದರದ ಮೇಲೆ ಧೂಳು ಅಥವಾ ಎಣ್ಣೆಯ ಲೇಪ ಕುಳಿತರೆ ಶಾಖ ವಿನಿಮಯ ಏರುಪೇರಾಗಿ ಲೆಕ್ಕ ತಪ್ಪುತ್ತದೆ; ಬಹುಮಟ್ಟಿಗೆ ನಿಜಕ್ಕಿಂತ ಕಡಿಮೆ ಗಾಳಿಯನ್ನು ತೋರಿಸುತ್ತದೆ.

ಇದರ ಜೊತೆಗೆ ಇನ್ನೆರಡು ಸಂವೇದಕಗಳಿವೆ. ಟರ್ಬೊ ದಾಟಿದ ಮೇಲೆ ಒಳನಾಳದಲ್ಲಿ ಕುಳಿತು ಗಾಳಿಯ ಒತ್ತಡವನ್ನು ಅಳೆಯುವುದು ಒಂದು. ಇದು ಮ್ಯಾಪ್ ಸೆನ್ಸರ್ ಅಥವಾ ಬೂಸ್ಟ್ ಸೆನ್ಸರ್. ಗಾಳಿಯ ತಾಪವನ್ನು ಅಳೆಯುವುದು ಇನ್ನೊಂದು. ತಾಪ ಸಂವೇದಕವು ಹಲವು ವೇಳೆ ಮೇಲಿನ ಎರಡರಲ್ಲಿ ಒಂದರೊಳಗೇ ಅಡಕವಾಗಿರುತ್ತದೆ. ತಾಪ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ: ಹಲವು ತಯಾರಿಕೆಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000ದಿಂದ 2500 ಓಮ್‌ನಷ್ಟಿದ್ದು, 80 ಡಿಗ್ರಿಯಲ್ಲಿ 300 ಓಮ್‌ನ ಆಸುಪಾಸಿಗೆ ಬರುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಪಾತ್ರ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಅಳತೆಯ ಮೇಲೆಯೇ ಇಂಧನದ ಅಳತೆ ನಿಂತಿದೆ. ಡೀಸೆಲ್ಲಿನಲ್ಲಿ ಹಾಗಲ್ಲ. ಇಲ್ಲಿ ಚಾಲಕನ ಕಾಲಿನ ಒತ್ತಡವೇ ಇಂಧನದ ಬೇಡಿಕೆಯನ್ನು ನಿರ್ಧರಿಸುತ್ತದೆ. ಗಾಳಿ ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾದರೆ ಗಾಳಿಯನ್ನು ಅಳೆಯುವುದೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ.

ಮೊದಲನೆಯದು ಹೊಗೆಯ ಮಿತಿ. ಇರುವ ಗಾಳಿಯಲ್ಲಿ ಪೂರ್ಣವಾಗಿ ಉರಿಯಬಲ್ಲಷ್ಟೇ ಡೀಸೆಲ್ ಕೊಡಬೇಕು, ಹೆಚ್ಚಾದರೆ ಮಸಿ. ಚಾಲಕ ಎಷ್ಟೇ ಒತ್ತಿದರೂ ನಿಯಂತ್ರಣ ಘಟಕವು ಗಾಳಿಯ ಅಳತೆ ನೋಡಿ ಇಂಧನಕ್ಕೆ ಮಿತಿ ಹಾಕುತ್ತದೆ. ಎರಡನೆಯದು ನಿಷ್ಕಾಸ ಅನಿಲದ ಮರುಬಳಕೆ. ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಸುಟ್ಟ ಅನಿಲದ ಒಂದಂಶವನ್ನು ಇಜಿಆರ್ ಕವಾಟದ ಮೂಲಕ ಮರಳಿ ಒಳಗೆ ಬಿಡುತ್ತಾರೆ. ಆ ಅನಿಲ ಎಷ್ಟು ಬಂತೆಂದು ನೇರವಾಗಿ ಅಳೆಯುವುದು ಕಷ್ಟ. ಆದ್ದರಿಂದ ಹೊಸ ಗಾಳಿ ಎಷ್ಟು ಕಡಿಮೆಯಾಯಿತು ಎಂಬುದನ್ನು ನೋಡಿ ಅದನ್ನು ಊಹಿಸಲಾಗುತ್ತದೆ.

ಈ ಎರಡು ಮಾತುಗಳನ್ನು ಮನದಟ್ಟು ಮಾಡಿಕೊಂಡರೆ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ. ಸಂವೇದಕವು ನಿಜಕ್ಕಿಂತ ಕಡಿಮೆ ಗಾಳಿ ತೋರಿಸಿದರೆ ಘಟಕವು ಇಂಧನವನ್ನು ಮೊಟಕುಗೊಳಿಸುತ್ತದೆ, ಇಜಿಆರ್ ಕವಾಟವನ್ನೂ ಮುಚ್ಚುತ್ತದೆ. ಪರಿಣಾಮವಾಗಿ ವಾಹನ ಎಳೆಯುವುದಿಲ್ಲ. ಆದರೆ ಹೊಗೆಯೂ ಅಷ್ಟಾಗಿ ಇರುವುದಿಲ್ಲ. ನಿಜಕ್ಕಿಂತ ಹೆಚ್ಚು ಗಾಳಿ ತೋರಿಸಿದರೆ ಇದಕ್ಕೆ ವಿರುದ್ಧ: ಇಂಧನದ ಮಿತಿ ಸಡಿಲವಾಗಿ, ಸುಟ್ಟ ಅನಿಲವೂ ಹೆಚ್ಚು ಬಂದು, ಕಪ್ಪು ಹೊಗೆ ಕಾರುತ್ತದೆ. ಹೀಗೆ ಶಕ್ತಿಹೀನತೆಯ ಜೊತೆ ಹೊಗೆ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆ ಹುಡುಕಾಟದ ದಿಕ್ಕನ್ನು ಅರ್ಧದಷ್ಟು ತೋರಿಸಿಕೊಡುತ್ತದೆ. ದುರದೃಷ್ಟವಶಾತ್ ‘ಗಾಡಿ ಎಳೀವಲ್ದು’ ಎಂದು ಚಾಲಕ ಹೇಳಿದೊಡನೆ ಈ ಪ್ರಶ್ನೆಯನ್ನು ಕೇಳದೆಯೇ ಬಿಡಿಭಾಗಕ್ಕೆ ಕೈಹಾಕುವ ರೂಢಿ ಇದೆ.

ಭಾರತ್ ಸ್ಟೇಜ್-6ರ ಹಲವು ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿರುವುದರಿಂದ ಹೊಗೆ ಹೊರಗೆ ಕಾಣದಿರಬಹುದು. ಅಂಥಲ್ಲಿ ಶೋಧಕವು ಮೇಲಿಂದ ಮೇಲೆ ತುಂಬಿ, ಅದನ್ನು ಸುಟ್ಟು ಶುದ್ಧಿಗೊಳಿಸುವ ಕ್ರಿಯೆ ಪದೇಪದೇ ನಡೆಯುವುದೇ ಸೂಚನೆ.

ವಿಜಯಪುರ ಜಿಲ್ಲೆಯ ಪರಿಸ್ಥಿತಿ

ಈ ದೋಷದ ಸ್ವರೂಪ ನೆಲಕ್ಕೆ ತಕ್ಕಂತೆ ಬದಲಾಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳು ಭೀಮಾ, ಡೋಣಿ, ಕೃಷ್ಣಾ ನದಿಗಳ ನಡುವಿನ ಬಯಲುಸೀಮೆ. ಇಲ್ಲಿಯ ಎರೆ ಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟುವ ಕೆಸರು, ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು. ತೊಗರಿಯ ರಾಶಿ ನಡೆಯುವ ಡಿಸೆಂಬರ್–ಜನವರಿಯಲ್ಲಿಯೂ, ಬಿಳಿಜೋಳದ ಸುಗ್ಗಿಯಲ್ಲಿಯೂ ಕಣದ ಹೊಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ. ಕಬ್ಬು ಸಾಗುವ ಕಾಲದಲ್ಲಿ ಒಳದಾರಿಗಳಲ್ಲಿ ಒಂದರ ಹಿಂದೊಂದು ಹೋಗುವ ವಾಹನಗಳು ಮುಂದಿನದರ ಧೂಳನ್ನೇ ಉಸಿರಾಡುತ್ತವೆ. ಸಿಂದಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮಾತ್ರ ಓಡುವ ವಾಹನಕ್ಕೂ, ದಿನವೂ ಹೊಲದ ದಾರಿ ಹಿಡಿಯುವ ವಾಹನಕ್ಕೂ ಒಂದೇ ಕಿಲೋಮೀಟರ್ ಲೆಕ್ಕದಲ್ಲಿ ಏರ್ ಫಿಲ್ಟರ್ ಬದಲಿಸುವುದು ಸರಿಯಲ್ಲ. ತಯಾರಕರ ಕೈಪಿಡಿಗಳೂ ಧೂಳಿನ ಪ್ರದೇಶಕ್ಕೆ ಅವಧಿಯನ್ನು ಕಡಿಮೆ ಮಾಡಲು ಹೇಳುತ್ತವೆ. ಆ ಸಾಲನ್ನು ಓದುವವರು ಕಡಿಮೆ.

ಫಿಲ್ಟರನ್ನು ಬದಲಿಸುವ ಬದಲು ಟೈರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಊದಿಸಿ ಮತ್ತೆ ಹಾಕುವುದು ಇಲ್ಲಿಯ ಸಾಮಾನ್ಯ ಪದ್ಧತಿ. ಹೆಚ್ಚಿನ ಒತ್ತಡದ ಗಾಳಿಗೆ ಕಾಗದದ ಮಡಿಕೆಗಳಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಅಲ್ಲಿಂದ ನುಸುಳಿದ ಧೂಳು ಮೊದಲು ಬಡಿಯುವುದು ಸಂವೇದಕದ ಪದರಕ್ಕೆ, ಅನಂತರ ಟರ್ಬೊದ ಎಲೆಗಳಿಗೆ, ಕೊನೆಗೆ ಸಿಲಿಂಡರಿನ ಗೋಡೆಗೆ. ಸಂವೇದಕ ಕೆಡುವುದು ಇವುಗಳಲ್ಲಿ ಅತ್ಯಂತ ಚಿಕ್ಕ ನಷ್ಟ. ಕಾಳಿನ ದಾಸ್ತಾನಿನ ಹತ್ತಿರ ನಿಲ್ಲಿಸಿದ ವಾಹನಗಳಲ್ಲಿ ಇಲಿಗಳು ತಂತಿ ಕಡಿಯುವುದೂ ಉಂಟು.

ದೋಷ ಸಂಕೇತಗಳು

ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನುಗಳ ಜೋಡಣೆಗೆ ಸ್ಕ್ಯಾನರನ್ನು ಸಿಕ್ಕಿಸಿದರೆ ಘಟಕದ ನೆನಪಿನಲ್ಲಿರುವ ಸಂಕೇತಗಳು ದೊರೆಯುತ್ತವೆ. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಅಗ್ಗದ ಉಪಕರಣಗಳೂ ಇವನ್ನು ಓದಬಲ್ಲವು. ಕೆಲವು ಹಳೆಯ ಮಾದರಿಗಳಿಗೆ ಮಾತ್ರ ತಯಾರಕರ ಉಪಕರಣವೇ ಬೇಕಾಗುತ್ತದೆ. ಪಿ0100ರಿಂದ ಪಿ0104ರವರೆಗಿನವು ವಾಯುಪ್ರವಾಹ ಸಂವೇದಕಕ್ಕೆ, ಪಿ0105ರಿಂದ ಪಿ0109ರವರೆಗಿನವು ಒತ್ತಡದ ಸಂವೇದಕಕ್ಕೆ, ಪಿ0110ರಿಂದ ಪಿ0114ರವರೆಗಿನವು ತಾಪದ ಸಂವೇದಕಕ್ಕೆ ಸೇರಿದವು.

ಇವುಗಳಲ್ಲಿ ಪಿ0102 (ಸಂಕೇತ ತೀರ ಕಡಿಮೆ) ಮತ್ತು ಪಿ0103 (ಸಂಕೇತ ತೀರ ಹೆಚ್ಚು) ವಿದ್ಯುತ್ ಸಂಬಂಧದ ದೂರುಗಳು. ತಂತಿ, ಜೋಡಣೆ ಅಥವಾ ಸಂವೇದಕವನ್ನೇ ಶಂಕಿಸಬಹುದು. ಪಿ0101 ಹಾಗಲ್ಲ. ಸಂಕೇತವು ವಿದ್ಯುತ್ ಮಿತಿಯೊಳಗೇ ಇದೆ, ಆದರೆ ಆ ವೇಗಕ್ಕೂ ಒತ್ತಡಕ್ಕೂ ಹೊಂದುತ್ತಿಲ್ಲ ಎಂದಷ್ಟೇ ಅದರ ಅರ್ಥ. ಫಿಲ್ಟರ್ ಕಟ್ಟಿಕೊಂಡು ನಿಜವಾಗಿಯೇ ಗಾಳಿ ಕಡಿಮೆಯಾಗಿದ್ದರೂ, ಇಜಿಆರ್ ಕವಾಟ ತೆರೆದೇ ಉಳಿದಿದ್ದರೂ, ಕೊಳವೆ ಸೀಳಿದ್ದರೂ ಇದೇ ಸಂಕೇತ ಬರುತ್ತದೆ. ಪರದೆಯ ಮೇಲೆ ಸಂವೇದಕದ ಹೆಸರು ಕಂಡಿತೆಂದು ಅದನ್ನೇ ಬದಲಿಸುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ಹಾಗೂ ದುಬಾರಿ ತಪ್ಪು. ಹೊಸ ಸಂವೇದಕಕ್ಕೆ ಕೆಲವು ಸಾವಿರ ರೂಪಾಯಿ ತೆತ್ತ ಮೇಲೂ ದೀಪ ಮತ್ತೆ ಹೊತ್ತಿಕೊಂಡಾಗ ಬಾಡಿಗೆ ವಾಹನದ ಮಾಲಿಕನಿಗೆ ಹಣವೂ ಹೋಗಿರುತ್ತದೆ, ಎರಡು ದಿನದ ದುಡಿಮೆಯೂ ಹೋಗಿರುತ್ತದೆ. ಜೊತೆಯಲ್ಲಿ ಪಿ0299 (ಟರ್ಬೊ ಒತ್ತಡ ಸಾಲದು), ಪಿ0401 ಅಥವಾ ಪಿ0402 (ಮರುಬಳಕೆ ಅನಿಲ ಕಡಿಮೆ ಅಥವಾ ಹೆಚ್ಚು) ಇದ್ದರೆ ಅವನ್ನು ಒಟ್ಟಿಗೆ ಓದಬೇಕು. ಸಂಕೇತಗಳನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳುವುದು ಅವಶ್ಯ.

ಪರೀಕ್ಷೆಯ ಕ್ರಮ

ಉಪಕರಣವಿಲ್ಲದೆ ಕಣ್ಣಿಂದಲೇ ಆಗುವ ಪರೀಕ್ಷೆ ಮೊದಲು. ಫಿಲ್ಟರನ್ನು ಹೊರತೆಗೆದು ಬೆಳಕಿಗೆ ಹಿಡಿಯಬೇಕು. ಪೆಟ್ಟಿಗೆಯ ಶುದ್ಧ ಗಾಳಿಯ ಕಡೆಗೆ ಬೆರಳಾಡಿಸಬೇಕು. ಅಲ್ಲಿ ಧೂಳು ಕೈಗೆ ಹತ್ತಿದರೆ ಫಿಲ್ಟರ್ ಅಥವಾ ಅದರ ರಬ್ಬರ್ ಅಂಚು ಸೋರುತ್ತಿದೆ. ಬಳಿಕ ಸಂವೇದಕದಿಂದ ಟರ್ಬೊವರೆಗಿನ ಕೊಳವೆಯನ್ನು ಬಗ್ಗಿಸಿ, ಮಡಿಕೆಗಳ ಒಳಗೆ ಬಿರುಕುಗಳಿವೆಯೇ ನೋಡಬೇಕು. ಇಲ್ಲಿ ಬಿರುಕಿದ್ದರೆ ಅಳತೆಗೆ ಸಿಗದ ಗಾಳಿ, ಅದೂ ಶೋಧಿಸದ ಗಾಳಿ, ಒಳಹೋಗುತ್ತಿರುತ್ತದೆ. ಟರ್ಬೊ ದಾಟಿದ ಮೇಲಿನ ಕೊಳವೆ, ಇಂಟರ್‌ಕೂಲರ್ ಮತ್ತು ಅವುಗಳ ಕ್ಲಿಪ್ಪುಗಳಲ್ಲಿ ಸೋರಿಕೆಯಿದ್ದರೆ ಸಂಗತಿ ತಿರುಗುಮುರುಗು: ಅಳೆದ ಗಾಳಿ ಎಂಜಿನ್ನಿಗೆ ತಲುಪದೆ ದಾರಿಯಲ್ಲೇ ಹೊರಬೀಳುತ್ತದೆ, ಭಾರ ಬಿದ್ದಾಗ ಬುಸ್ಸೆಂಬ ಸದ್ದೂ ಕಪ್ಪು ಹೊಗೆಯೂ ಕಾಣಿಸುತ್ತವೆ. ಸೋರಿಕೆಯ ಜಾಗದಲ್ಲಿ ಸಾಮಾನ್ಯವಾಗಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡಿರುತ್ತದೆ. ಶಂಕೆಯಿದ್ದಲ್ಲಿ ಸಾಬೂನಿನ ನೀರು ಸವರಿದರೆ ಗುಳ್ಳೆಗಳು ತೋರಿಸಿಕೊಡುತ್ತವೆ.

ಎರಡನೆಯದು ವಿದ್ಯುತ್ ಪರೀಕ್ಷೆ. ಜೋಡಣೆಯನ್ನು ಬಿಚ್ಚಿ ಪಿನ್ನುಗಳಲ್ಲಿ ಹಸಿರು ಕಿಲುಬು, ಸಡಿಲ ಅಥವಾ ಬಾಗಿದ ಪಿನ್ನು ಇದೆಯೇ ನೋಡಬೇಕು. ಚಾವಿ ತಿರುಗಿಸಿದಾಗ ಕಾಯಿಸುವ ಪದರಕ್ಕೆ ಬ್ಯಾಟರಿಯ 12 ವೋಲ್ಟ್, ಹಲವು ಮಾದರಿಗಳಲ್ಲಿ ಇನ್ನೊಂದು ಪಿನ್ನಿಗೆ 5 ವೋಲ್ಟ್, ಹಾಗೂ ಒಳ್ಳೆಯ ಅರ್ಥಿಂಗ್ ದೊರೆಯಬೇಕು. ಬಳಿಕ ಜೋಡಣೆಯನ್ನು ಮತ್ತೆ ಸೇರಿಸಿ ಸಂಕೇತದ ತಂತಿಯನ್ನು ಅಳೆಯಬೇಕು. ವೋಲ್ಟೇಜ್ ರೂಪದಲ್ಲಿ ಸಂಕೇತ ಕೊಡುವ ಬಾಷ್ ಮಾದರಿಗಳಲ್ಲಿ ಎಂಜಿನ್ ನಿಂತಿರುವಾಗ ಇದು ಸುಮಾರು 1 ವೋಲ್ಟ್ ಇದ್ದು, ಗಾಳಿ ಹೆಚ್ಚಿದಂತೆ ತಡೆತಡೆಯಿಲ್ಲದೆ ಏರಬೇಕು. ಹೊಸ ಮಾದರಿಗಳು ಆವರ್ತನದ ರೂಪದಲ್ಲಿ ಸಂಕೇತ ಕೊಡುತ್ತವೆ; ಅವಕ್ಕೆ ಸಾದಾ ಮಲ್ಟಿಮೀಟರಿನ ವೋಲ್ಟ್ ಅಳತೆ ಉಪಯೋಗಕ್ಕೆ ಬಾರದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿ ಅಳತೆ ಜಿಗಿಯುತ್ತದೆಯೇ ನೋಡುವುದು ಬಿಟ್ಟು ಬಿಟ್ಟು ಬರುವ ದೋಷಕ್ಕೆ ಒಳ್ಳೆಯ ಉಪಾಯ.

ತಾಪ ಸಂವೇದಕವನ್ನು ಪರೀಕ್ಷಿಸಲು ರಾತ್ರಿಯಿಡೀ ನಿಂತ ವಾಹನ ಬೇಕು. ಬೆಳಗ್ಗೆ ಎಂಜಿನ್ ಚಾಲೂ ಮಾಡದೆ ನೋಡಿದರೆ ಒಳಗಾಳಿಯ ತಾಪ, ರೇಡಿಯೇಟರ್ ನೀರಿನ ತಾಪ ಮತ್ತು ಹೊರಗಿನ ತಾಪ ಕೆಲವೇ ಡಿಗ್ರಿಗಳ ಅಂತರದಲ್ಲಿರಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಸ್ಕ್ಯಾನರ್ ಸೊನ್ನೆಗಿಂತ 40 ಡಿಗ್ರಿ ಕೆಳಗೆ ತೋರಿಸಿದರೆ ತಂತಿ ತುಂಡಾಗಿದೆ ಎಂದೇ ತಿಳಿಯಬೇಕು.

ಲೆಕ್ಕದ ಮೂಲಕ ಪರಿಶೀಲನೆ

ಸ್ಕ್ಯಾನರ್ ತೋರಿಸುವ ಅಂಕಿ ಸರಿಯೋ ತಪ್ಪೋ ಎಂಬುದನ್ನು ಶಾಲೆಯ ಭೌತಶಾಸ್ತ್ರದಿಂದಲೇ ತೂಗಿ ನೋಡಬಹುದು. 2.5 ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್ನಿನ ಪ್ರತಿ ಸಿಲಿಂಡರಿನ ಗಾತ್ರ 625 ಘನ ಸೆಂಟಿಮೀಟರ್. ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪದಲ್ಲಿ, ಒಂದು ಘನ ಮೀಟರ್ ಗಾಳಿಯ ತೂಕ 1.225 ಕಿಲೋಗ್ರಾಂ; ಅಂದರೆ ಸಿಲಿಂಡರ್ ಪೂರ್ಣ ತುಂಬಿದರೆ ಒಂದು ಎಳೆತಕ್ಕೆ ಸುಮಾರು 766 ಮಿಲಿಗ್ರಾಂ. ವಿಜಯಪುರದ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಸುಮಾರು 94.5 ಕಿಲೋಪ್ಯಾಸ್ಕಲ್. 35 ಡಿಗ್ರಿ ತಾಪದ ಮಧ್ಯಾಹ್ನ ಗಾಳಿಯ ಸಾಂದ್ರತೆ 1.07ಕ್ಕೆ ಇಳಿದು, ಅದೇ ಸಿಲಿಂಡರಿನಲ್ಲಿ 668 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಸಿಲಿಂಡರ್ ಶೇಕಡಾ 85ರಷ್ಟು ತುಂಬುತ್ತದೆಂದು ಹಿಡಿದರೆ ಸುಮಾರು 568 ಮಿಲಿಗ್ರಾಂ. ನಿಮಿಷಕ್ಕೆ 800 ಸುತ್ತುಗಳ ನಿಧಾನಗತಿಯಲ್ಲಿ ಸೆಕೆಂಡಿಗೆ ಸುಮಾರು 26.7 ಎಳೆತಗಳಾಗುತ್ತವೆ, ಆಗ ಸೆಕೆಂಡಿಗೆ 15 ಗ್ರಾಂ, ಗಂಟೆಗೆ 54 ಕಿಲೋಗ್ರಾಂ ಗಾಳಿ. ಬೇರೆ ಬೇರೆ ಸ್ಕ್ಯಾನರುಗಳು ಈ ಮೂರು ಮಾನಗಳಲ್ಲಿ ಯಾವುದನ್ನಾದರೂ ಬಳಸಬಹುದು. 15 ಮತ್ತು 54 ಒಂದೇ ಅಳತೆಯೆಂದು ತಿಳಿಯದೆ ಸಂವೇದಕವನ್ನು ದೂರುವುದೂ ನಡೆಯುತ್ತದೆ.

ಈ ಲೆಕ್ಕ ಇಜಿಆರ್ ಕವಾಟ ಮುಚ್ಚಿರುವಾಗಿನದು. ಕವಾಟ ತೆರೆದಿದ್ದರೆ ಹೊಸ ಗಾಳಿಯ ಪ್ರಮಾಣ ಇದರ ಅರ್ಧದ ಆಸುಪಾಸಿಗೂ ಇಳಿಯಬಹುದು, ಅದು ದೋಷವಲ್ಲ. ಸ್ಕ್ಯಾನರಿನಿಂದ ಕವಾಟವನ್ನು ಮುಚ್ಚಲು ಆಜ್ಞೆ ಕೊಟ್ಟಾಗ ಅಳತೆ ತಟ್ಟನೆ ಮೇಲೇರಿದರೆ ಕವಾಟವೂ ಸಂವೇದಕವೂ ಕೆಲಸ ಮಾಡುತ್ತಿವೆ ಎಂದರ್ಥ. ಏರದಿದ್ದರೆ ಎರಡರಲ್ಲೊಂದು ಕೆಟ್ಟಿದೆ. ಆಗ ಒಳನಾಳದ ಕಡೆಯಿಂದ ಕವಾಟವನ್ನು ಬಿಚ್ಚಿ ಮಸಿಗೆ ಸಿಕ್ಕಿಕೊಂಡಿದೆಯೇ ನೋಡಬೇಕು.

ಇದೇ ಎತ್ತರದ ಕಾರಣದಿಂದ ಒತ್ತಡದ ಸಂವೇದಕದ ವಿಷಯದಲ್ಲೂ ತಪ್ಪು ನಿರ್ಣಯವಾಗುವುದುಂಟು. ಚಾವಿ ತಿರುಗಿಸಿ ಎಂಜಿನ್ ಚಾಲೂ ಮಾಡದಿರುವಾಗ ಅದು ಸ್ಥಳದ ವಾಯುಭಾರವನ್ನೇ ತೋರಿಸಬೇಕು. ಪುಸ್ತಕದಲ್ಲಿರುವ 101 ಕಿಲೋಪ್ಯಾಸ್ಕಲ್ ಸಮುದ್ರಮಟ್ಟದ ಅಂಕಿ. ಇಂಡಿಯಲ್ಲೋ ಸಿಂದಗಿಯಲ್ಲೋ ನಿಂತ ವಾಹನ 95ರ ಆಸುಪಾಸು ತೋರಿಸಿದರೆ ಅದು ಸರಿಯಾಗಿದೆ. 101 ತೋರಿಸಿದರೇ ಅನುಮಾನಪಡಬೇಕು.

ಜೋಡಣೆ ಬಿಚ್ಚಿ ಓಡಿಸುವ ಪರೀಕ್ಷೆ

ಸಂವೇದಕದ ಜೋಡಣೆಯನ್ನು ಬಿಚ್ಚಿ ವಾಹನ ಓಡಿಸುವುದು ಗ್ಯಾರೇಜುಗಳಲ್ಲಿ ಪ್ರಚಲಿತವಾದ ಪರೀಕ್ಷೆ. ಸಂಕೇತ ಬಾರದಿದ್ದಾಗ ನಿಯಂತ್ರಣ ಘಟಕವು ಎಂಜಿನ್ನಿನ ವೇಗ ಮತ್ತು ಒಳನಾಳದ ಒತ್ತಡದಿಂದ ಒಂದು ಬದಲಿ ಅಂಕಿಯನ್ನು ಲೆಕ್ಕಹಾಕಿಕೊಳ್ಳುತ್ತದೆ. ಬಿಚ್ಚಿದಾಗ ವಾಹನ ಚೆನ್ನಾಗಿ ಎಳೆದರೆ ಸಂವೇದಕ ತಪ್ಪು ಹೇಳುತ್ತಿತ್ತೆಂದು ತೀರ್ಮಾನಿಸುತ್ತಾರೆ. ತೀರ್ಮಾನ ಹಲವು ವೇಳೆ ಸರಿ, ಆದರೆ ಪೂರ್ಣ ಸಾಕ್ಷ್ಯವಲ್ಲ. ಜೋಡಣೆ ಬಿಚ್ಚಿದೊಡನೆ ಘಟಕವು ಸಾಮಾನ್ಯವಾಗಿ ಇಜಿಆರ್ ಕವಾಟವನ್ನೂ ಮುಚ್ಚುತ್ತದೆ. ಸುಧಾರಣೆಗೆ ಅದೇ ಕಾರಣವಾಗಿರಬಹುದು. ಕೆಲವು ವಾಹನಗಳು ಬಿಚ್ಚಿದ ಕೂಡಲೇ ಶಕ್ತಿ ತಗ್ಗಿಸಿಕೊಳ್ಳುವುದರಿಂದ ಹೋಲಿಕೆಯೇ ಸಾಧ್ಯವಾಗುವುದಿಲ್ಲ. ಇದು ಪರೀಕ್ಷೆಗಾಗಿ ಮಾತ್ರ. ಬಿಚ್ಚಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಓಡಿಸುವುದು ಸಲ್ಲದು.

ಶುಚಿಗೊಳಿಸುವಿಕೆ ಮತ್ತು ಬದಲಾವಣೆ

ಕೊಳೆಯಾದ ಸಂವೇದಕವನ್ನು ಅದಕ್ಕಾಗಿಯೇ ದೊರೆಯುವ ದ್ರಾವಣದಿಂದ ಅಥವಾ ವಿದ್ಯುನ್ಮಾನ ಭಾಗಗಳಿಗೆ ಬಳಸುವ, ಶೇಷ ಉಳಿಸದ ದ್ರಾವಣದಿಂದ ದೂರದಿಂದ ಸಿಂಪಡಿಸಿ ತೊಳೆಯಬಹುದು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ತಣ್ಣಗಾದ ಮೇಲೆ ತೊಳೆದು, ತಾನಾಗಿ ಪೂರ್ತಿ ಒಣಗಲು ಬಿಡಬೇಕು. ಬಟ್ಟೆ, ಬ್ರಷ್, ಬೆರಳು ಯಾವುದೂ ಪದರಕ್ಕೆ ತಾಗಬಾರದು. ಕಂಪ್ರೆಸರ್ ಗಾಳಿಯನ್ನಂತೂ ಬಿಡಲೇಬಾರದು, ಪದರ ಒಡೆಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಕಾರ್ಬ್ಯುರೇಟರ್ ದ್ರಾವಣಗಳೂ ವರ್ಜ್ಯ.

ತೊಳೆದ ಮೇಲೂ ಅಳತೆ ಸುಧಾರಿಸದಿದ್ದರೆ, ಫಿಲ್ಟರ್, ಕೊಳವೆ, ತಂತಿ, ಕವಾಟ ಎಲ್ಲವೂ ಸರಿಯೆಂದು ಖಚಿತವಾಗಿದ್ದರೆ ಮಾತ್ರ ಬದಲಾವಣೆ. ನಕಲಿ ಸಂವೇದಕಗಳ ಅಳತೆಯ ರೇಖೆ ಮೂಲದ್ದಕ್ಕೆ ಹೊಂದದಿರುವುದರಿಂದ ಹೊಸ ದೋಷವನ್ನೇ ತಂದಿಡಬಹುದು. ಗಾಳಿಯ ದಿಕ್ಕು ತೋರಿಸುವ ಬಾಣದ ಗುರುತನ್ನು ನೋಡಿ ಕೂರಿಸಬೇಕು. ಫಿಲ್ಟರನ್ನೂ ಜೊತೆಗೇ ಬದಲಿಸಬೇಕು, ಇಲ್ಲದಿದ್ದರೆ ಹಳೆಯ ಧೂಳೇ ಹೊಸ ಪದರಕ್ಕೆ ಬಡಿಯುತ್ತದೆ. ಕೆಲವು ವಾಹನಗಳಲ್ಲಿ ಹಳೆಯ ಸಂವೇದಕಕ್ಕೆ ಹೊಂದಿಸಿಕೊಂಡ ತಿದ್ದುಪಡಿಗಳನ್ನು ಸ್ಕ್ಯಾನರಿನಿಂದ ಅಳಿಸುವುದೂ ಅಗತ್ಯ.

ಹೊಗೆ ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೆಯ ನಿಯಮದಂತೆ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಗೆ ಮಿತಿಯಿದೆ: ಭಾರತ್ ಸ್ಟೇಜ್-4ಕ್ಕಿಂತ ಹಿಂದಿನವಕ್ಕೆ 65 ಹಾರ್ಟ್ರಿಡ್ಜ್ ಮಾನ, ಭಾರತ್ ಸ್ಟೇಜ್-4ರವಕ್ಕೆ 50. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ 10,000 ರೂಪಾಯಿಯವರೆಗೆ ದಂಡ ವಿಧಿಸಬಹುದಾಗಿದೆ. ಸಂವೇದಕದ ತೊಂದರೆಗೆ ಪರಿಹಾರವೆಂದು ಇಜಿಆರ್ ಕೊಳವೆಗೆ ತಗಡು ಹೊಡೆದು ಮುಚ್ಚುವವರಿದ್ದಾರೆ. ಇದರಿಂದ ಕಣ್ಣಿಗೆ ಕಾಣುವ ಹೊಗೆ ಕಡಿಮೆಯಾಗಬಹುದು, ಕಾಣದ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ಘಟಕವು ಗಾಳಿಯ ಅಳತೆಯಲ್ಲಿ ನಿರೀಕ್ಷಿತ ಇಳಿಕೆ ಕಾಣದೆ ಪಿ0401 ಸಂಕೇತವನ್ನು ದಾಖಲಿಸಿ ಎಚ್ಚರಿಕೆಯ ದೀಪವನ್ನು ಮತ್ತೆ ಹೊತ್ತಿಸುತ್ತದೆ.